ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುತ್ತಿದ್ದೀರಾ? ಇಷ್ಟು ಗೊತ್ತಿರಲಿ

ನಿಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ ಒಂದು ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನ ಮಾಡುವ ಗುಂಪಿನ ಮಾತ್ರೆ, ಇರಬಹುದು. ಆ ಹೆಸರು ಡಾಕ್ಟರ್ ಬರೆದ ಚೀಟಿಯಲ್ಲಿ ಇರುವುದಿಲ್ಲ, ಮಾತ್ರೆಯ ಮೇಲೂ ಇರುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ನುಂಗುತ್ತಿರುವವರಿಗೇ ಅದು ಗೊತ್ತಿರುವುದಿಲ್ಲ. ನಾನು ಬೆಂಗಳೂರಿನ ಒಂದು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. "ಬಿಪಿ ಮಾತ್ರೆ ಕೊಡಿ, ಸಣ್ಣದು, ಬಿಳೀದು" ಅಂತ ಕೇಳುವವರನ್ನು ದಿನಾ ನೋಡುತ್ತೇನೆ. ಸಣ್ಣ ಬಿಳಿ ಮಾತ್ರೆಗಳು ನಮ್ಮ ಕಪಾಟಿನಲ್ಲಿ ಲೆಕ್ಕವಿಲ್ಲದಷ್ಟು ಇವೆ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ಮೊದಲ ಕೆಲಸ, ಸ್ಟ್ರಿಪ್ ತಿರುಗಿಸಿ ಓದಿ. ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರವೇ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ. ಅದು 'ಲಾಲ್' ಅಂತ ಮುಗಿದರೆ ಹೆಚ್ಚುಕಡಿಮೆ ಬೀಟಾ ಬ್ಲಾಕರ್ರೇ. ಸಿಪ್ಲಾರ್ ಅಂದರೆ ಪ್ರೊಪ್ರಾನೊಲಾಲ್, ಮೆಟ್ ಎಕ್ಸ್‌ಎಲ್ ಅಂದರೆ ಮೆಟೊಪ್ರೊಲಾಲ್, ಕಾನ್ಕಾರ್ ಅಂದರೆ ಬಿಸೊಪ್ರೊಲಾಲ್, ಕಾರ್ಡಿವಾಸ್ ಅಂದರೆ ಕಾರ್ವೆಡಿಲಾಲ್. ಅಟೆನೊಲಾಲ್, ನೆಬಿವೊಲಾಲ್, ಲ್ಯಾಬೆಟಲಾಲ್ ಕೂಡ ಇದೇ ಗುಂಪು. ಕೆಲವು ಮಾತ್ರೆಗಳಲ್ಲಿ ಎರಡು ಔಷಧಿ ಸೇರಿರುತ್ತವೆ, ಅಟೆನೊಲಾಲ್ ಜೊತೆ ಆಮ್ಲೊಡಿಪಿನ್, ಮೆಟೊಪ್ರೊಲಾಲ್ ಜೊತೆ ಟೆಲ್ಮಿಸಾರ್ಟನ್, ಹೀಗೆ. ಇಬ್ಬರು ಡಾಕ್ಟರ್ ಹತ್ತಿರ ಹೋಗುವವರಿಗೆ ಒಂದೇ ಔಷಧಿ ಬೇರೆ ಬೇರೆ ಹೆಸರಿನಲ್ಲಿ ಎರಡು ಸಲ ಬಂದುಬಿಡುವುದು ಇಲ್ಲೇ. ಸ್ಟ್ರಿಪ್ ಕತ್ತರಿಸಿ 5 ಮಾತ್ರೆ ತಗೊಂಡು ಹೋಗುವವರು ದಯವಿಟ್ಟು ಹೆಸರು ಇರುವ ಕಡೆಯ ತುಂಡನ್ನೇ ಕೇಳಿ ತಗೊಳ್ಳಿ, ಅಥವಾ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಎರಡನೆಯದು, ಇದನ್ನು ನನಗೆ ಯಾಕೆ ಕೊಟ್ಟಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ. ಬಿಪಿಗೆ ಅಂತ ಊಹಿಸಿಕೊಳ್ಳಬೇಡಿ. ಒಂದು ದಿನ ಅಮ್ಮ ಮಗಳು ಇಬ್ಬರೂ ಕೌಂಟರ್‌ಗೆ ಬಂದರು, ಇಬ್ಬರ ಚೀಟಿಯಲ್ಲೂ ಪ್ರೊಪ್ರಾನೊಲಾಲ್. ಅಮ್ಮನಿಗೆ ಥೈರಾಯ್ಡ್ ಜಾಸ್ತಿಯಾಗಿ ಎದೆ ಡವಡವ, ಕೈ ನಡುಕ. ಮಗಳಿಗೆ ಮೈಗ್ರೇನ್. ಒಂದೇ ಸ್ಟ್ರಿಪ್ ತಗೊಂಡು ಹಂಚಿಕೊಂಡರೆ ಆಗಲ್ವಾ ಅಂತ ಅಮ್ಮ ಕೇಳಿದರು. ಆಗಲ್ಲ. ಇಬ್ಬರ ಡೋಸ್ ಬೇರೆ, ಎಷ್ಟು ದಿನ ತಗೊಳ್ಳಬೇಕು ಅನ್ನುವುದೂ ಬೇರೆ. ಥೈರಾಯ್ಡ್ ಹತೋಟಿಗೆ ಬರಲು ಕಾರ್ಬಿಮಜೋಲ್‌ನಂಥ ಮಾತ್ರೆಗೆ ಕೆಲವು ವಾರ ಬೇಕು. ಅಲ್ಲಿಯವರೆಗೆ ನಡುಕ, ಡವಡವ ತಡೆಯಲು ಮಾತ್ರ ಪ್ರೊಪ್ರಾನೊಲಾಲ್. ಅದು ಥೈರಾಯ್ಡ್ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಮೈಗ್ರೇನ್‌ಗೆ ಆದರೆ ತಲೆನೋವು ಬಂದಾಗ ನುಂಗುವುದಲ್ಲ, ಬರದ ಹಾಗೆ ದಿನಾ ತಗೊಳ್ಳಬೇಕು. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯಬಹುದು. "ಎರಡು ವಾರ ತಗೊಂಡೆ, ಏನೂ ಆಗಲಿಲ್ಲ, ಬಿಟ್ಟೆ" ಅನ್ನುವವರು ತುಂಬಾ ಜನ. ತಲೆನೋವು ಬಂದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾ ಬನ್ನಿ, ಆಗ ಕಮ್ಮಿಯಾಗಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ಇನ್ನೂ ಇವೆ. ಹಾರ್ಟ್ ಅಟ್ಯಾಕ್ ಆದವರಿಗೆ, ನಡೆದಾಗ ಎದೆ ಹಿಡಿದುಕೊಳ್ಳುವವರಿಗೆ, ಹೃದಯದ ಬಡಿತ ಏರುಪೇರು ಆಗುವವರಿಗೆ, ಹೃದಯದ ಪಂಪಿಂಗ್ ಕಮ್ಮಿಯಾದವರಿಗೆ ಕೊಡುತ್ತಾರೆ. ಕಾರಣ ಇಲ್ಲದೆ ಕೈ ನಡುಗುವವರಿಗೂ ಇದೆ. ಲಿವರ್ ಕೆಟ್ಟು ಅನ್ನನಾಳದ ರಕ್ತನಾಳ ಊದಿಕೊಂಡವರಿಗೆ ರಕ್ತ ಸೋರದಿರಲಿ ಅಂತಲೂ ಕೊಡುತ್ತಾರೆ. ಎಳೆ ಮಕ್ಕಳ ಮೈಮೇಲೆ ಉಬ್ಬಿ ಬೆಳೆಯುವ ಕೆಂಪು ಮಚ್ಚೆಗೂ ಪ್ರೊಪ್ರಾನೊಲಾಲ್ ಇದೆ. ಬರೀ ಬಿಪಿಗೆ ಮಾತ್ರ ಆದರೆ ಈಗ ಡಾಕ್ಟರ್‌ಗಳು ಮೊದಲು ಸಾಮಾನ್ಯವಾಗಿ ಬೇರೆ ಮಾತ್ರೆ ಬರೆಯುತ್ತಾರೆ, ಆದರೆ ಗರ್ಭಿಣಿಯರ ಬಿಪಿಗೆ ಲ್ಯಾಬೆಟಲಾಲ್ ಇವತ್ತಿಗೂ ಮುಂಚೂಣಿಯಲ್ಲಿದೆ.

ಇಷ್ಟೆಲ್ಲಾ ಕೆಲಸ ಒಂದೇ ಗುಂಪಿನ ಮಾತ್ರೆ ಹೇಗೆ ಮಾಡುತ್ತದೆ? ನಮಗೆ ಗಾಬರಿಯಾದಾಗ, ಓಡಿದಾಗ ಮೈಯಲ್ಲಿ ಅಡ್ರಿನಲಿನ್ ಹರಿಯುತ್ತದೆ. ಅದು ಹೃದಯ, ಶ್ವಾಸಕೋಶ, ರಕ್ತನಾಳಗಳಲ್ಲಿರುವ ಬೀಟಾ ಅನ್ನುವ ಜಾಗಗಳಿಗೆ ಹೋಗಿ ಕೂತರೆ ಬಡಿತ ಜೋರಾಗುತ್ತದೆ. ಮಾತ್ರೆ ಮೊದಲೇ ಹೋಗಿ ಆ ಜಾಗ ಹಿಡಿದುಕೊಳ್ಳುತ್ತದೆ. ಹೃದಯ ನಿಧಾನಕ್ಕೆ ಬಡಿಯುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವೂ ಕಮ್ಮಿ ಸಾಕಾಗುತ್ತದೆ. 1960ರ ದಶಕದಲ್ಲಿ ಸ್ಕಾಟ್ಲೆಂಡ್‌ನ ಜೇಮ್ಸ್ ಬ್ಲ್ಯಾಕ್ ಅವರು ಪ್ರೊಪ್ರಾನೊಲಾಲ್ ಕಂಡುಹಿಡಿದಿದ್ದು ಈ ಯೋಚನೆಯಿಂದಲೇ. 1988ರಲ್ಲಿ ಅವರಿಗೆ ನೊಬೆಲ್ ಬಂತು.

ಏಕಾಏಕಿ ನಿಲ್ಲಿಸಬೇಡಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮಾತ್ರೆ ಬಹಳ ದಿನ ಬೀಟಾ ಜಾಗಗಳನ್ನು ಮುಚ್ಚಿಟ್ಟರೆ ಮೈ ಸುಮ್ಮನಿರುವುದಿಲ್ಲ, ಅಂಥ ಜಾಗಗಳನ್ನು ಇನ್ನಷ್ಟು ಹುಟ್ಟಿಸಿಕೊಳ್ಳುತ್ತದೆ. ಆಮೇಲೆ ಮಾತ್ರೆ ಇದ್ದಕ್ಕಿದ್ದಂತೆ ನಿಂತೇಹೋದರೆ ಅವೆಲ್ಲಾ ಒಟ್ಟಿಗೆ ತೆರೆದುಕೊಂಡು ಅಡ್ರಿನಲಿನ್ ಕಟ್ಟೆ ಒಡೆದ ಹಾಗೆ ನುಗ್ಗುತ್ತದೆ. ಬಡಿತ ಏರುತ್ತದೆ, ಬಿಪಿ ಏರುತ್ತದೆ, ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಎದೆನೋವು ಬರಬಹುದು, ಹಾರ್ಟ್ ಅಟ್ಯಾಕೇ ಆಗಬಹುದು. ನಿಲ್ಲಿಸಲೇಬೇಕು ಅಂತಾದರೆ ಡಾಕ್ಟರ್ ಒಂದೆರಡು ವಾರ ಅಥವಾ ಇನ್ನೂ ಜಾಸ್ತಿ ದಿನ ಹಿಡಿದು ಡೋಸ್ ಇಳಿಸುತ್ತಾ ಬರುತ್ತಾರೆ.

ಯಾರೂ ಬೇಕು ಅಂತ ನಿಲ್ಲಿಸುವುದಿಲ್ಲ, ನಿಂತುಹೋಗುತ್ತದೆ. ಹಬ್ಬಕ್ಕೆ ಊರಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ ಮೇಲೆ ಮಾತ್ರೆ ಡಬ್ಬಿ ಮನೆಯಲ್ಲೇ ಉಳಿದದ್ದು ನೆನಪಾಗುತ್ತದೆ. ಮಾಲೆ ಹಾಕಿ ಶಬರಿಮಲೆಗೆ ಹೋಗುವಾಗ ವ್ರತ ಅಂತ ಮಾತ್ರೆ ಬಿಡುತ್ತಾರೆ, ಆಮೇಲೆ ಅದೇ ಮೈಯಲ್ಲಿ ಬೆಟ್ಟ ಹತ್ತುತ್ತಾರೆ. ಬಿಪಿ ನಾರ್ಮಲ್ ಬಂತಲ್ಲ, ಇನ್ಯಾಕೆ ಅಂತ ಬಿಡುವವರೂ ಇದ್ದಾರೆ. ಬಿಪಿ ನಾರ್ಮಲ್ ಬಂದಿರುವುದು ಮಾತ್ರೆಯಿಂದಲೇ ಅಲ್ವಾ? ಒಂದು ಸ್ಟ್ರಿಪ್ ಪರ್ಸ್ ಅಥವಾ ಆಫೀಸ್ ಬ್ಯಾಗ್‌ನಲ್ಲಿ ಸದಾ ಇರಲಿ. ಡಾಕ್ಟರ್ ಚೀಟಿಯ ಫೋಟೊ ಫೋನ್‌ನಲ್ಲಿ ಇರಲಿ, ಯಾವ ಊರಿನ ಅಂಗಡಿಯಲ್ಲಾದರೂ ತೋರಿಸಿ ತಗೊಳ್ಳಬಹುದು. ಖರ್ಚಿಗಾಗಿ ಬಿಡುವವರಿಗೆ ಒಂದು ಮಾತು, ಜನೌಷಧಿ ಕೇಂದ್ರಗಳಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್ ತೀರಾ ಕಮ್ಮಿ ಬೆಲೆಗೆ ಸಿಗುತ್ತವೆ. ನಮ್ಮ ಅಂಗಡಿಗೇ ಬನ್ನಿ ಅಂತ ನಾನು ಹೇಳುವುದಿಲ್ಲ, ಮಾತ್ರೆ ತಪ್ಪದಿದ್ದರೆ ಸಾಕು.

ಒಂದು ಹೊತ್ತು ಮರೆತರೆ ಗಾಬರಿ ಬೇಡ. ನೆನಪಾದ ತಕ್ಷಣ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಮಾತ್ರ ನುಂಗಬೇಡಿ.

ನಾಡಿ ಎಣಿಸುವುದು

ಬೀಟಾ ಬ್ಲಾಕರ್ ತಗೊಳ್ಳುವವರು ಬಿಪಿಯಷ್ಟೇ ನಾಡಿಯನ್ನೂ ನೋಡಬೇಕು. ಬೆಳಿಗ್ಗೆ, ಮಾತ್ರೆಗೆ ಮುಂಚೆ, ಕಾಫಿಗೂ ಮುಂಚೆ. 5 ನಿಮಿಷ ಸುಮ್ನೆ ಕೂತುಕೊಳ್ಳಿ. ಒಂದು ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿಯುವ ಕಡೆ ಇನ್ನೊಂದು ಕೈಯ ತೋರುಬೆರಳು, ಮಧ್ಯದ ಬೆರಳು ಇಡಿ. ಹೆಬ್ಬೆರಳಿನಿಂದ ಎಣಿಸಬೇಡಿ, ಅದರದ್ದೇ ಮಿಡಿತ ಸಿಕ್ಕಿ ಲೆಕ್ಕ ತಪ್ಪುತ್ತದೆ. ಒತ್ತಿ ಹಿಡಿದರೆ ನಾಡಿ ಸಿಗುವುದಿಲ್ಲ, ಹಗುರವಾಗಿ ಇಡಿ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದರೆ ಬಡಿತ ಏರುಪೇರು ಇರುವವರಲ್ಲಿ ಲೆಕ್ಕ ದೂರ ಹೋಗುತ್ತದೆ. ಬಿಪಿ ಮಿಷನ್‌ನಲ್ಲಿ ಕೆಳಗೆ ಬರುವ ಮೂರನೇ ಸಂಖ್ಯೆಯೂ ನಾಡಿಯೇ, ಆದರೆ ಏರುಪೇರು ಇದ್ದರೆ ಅದನ್ನೂ ಪೂರ್ತಿ ನಂಬಬೇಡಿ.

50ರಿಂದ 60ರ ನಡುವೆ ಇದ್ದು ನೀವು ಚೆನ್ನಾಗಿದ್ದರೆ ಸಾಮಾನ್ಯವಾಗಿ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. 50ಕ್ಕಿಂತ ಕೆಳಗೆ ಬರುತ್ತಿದ್ದರೆ ಮುಂದಿನ ಮಾತ್ರೆಗೆ ಮುಂಚೆ ಡಾಕ್ಟರ್‌ಗೆ ಫೋನ್ ಮಾಡಿ. ಅದರ ಜೊತೆ ಕಣ್ಣು ಕತ್ತಲೆ ಬರುವುದು, ಬೀಳುವ ಹಾಗೆ ಆಗುವುದು, ಏದುಸಿರು ಇದ್ದರೆ ಫೋನಿನಲ್ಲಿ ಮಾತಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಪ್ರಜ್ಞೆ ತಪ್ಪಿದರೆ, ಎದೆ ಹಿಂಡಿದ ಹಾಗೆ ನೋವು ಬಂದರೆ 108ಕ್ಕೆ ಕರೆ ಮಾಡಿ.

ಲಾಲ್‌ಬಾಗ್‌ನಲ್ಲಿ ವಾಚ್ ಕಟ್ಟಿಕೊಂಡು ನಡೆಯುವವರಿಗೂ ಒಂದು ವಿಷಯ. ಈ ಮಾತ್ರೆ ತಗೊಂಡರೆ ಎಷ್ಟು ಬಿರುಸಾಗಿ ನಡೆದರೂ ಬಡಿತ ವಾಚ್ ಹೇಳುವ ಸಂಖ್ಯೆಗೆ ಏರುವುದಿಲ್ಲ. ಆ ಸಂಖ್ಯೆ ಮುಟ್ಟಲೇಬೇಕು ಅಂತ ಹಠ ಹಿಡಿದು ಓಡಬೇಡಿ. ಜೊತೆಯವರ ಹತ್ತಿರ ಮಾತಾಡಲು ಆಗುತ್ತದೆ, ಹಾಡು ಹೇಳಲು ಆಗುವುದಿಲ್ಲ ಅನ್ನುವಷ್ಟು ವೇಗ ಸಾಕು.

ಮೊದಲ ಕೆಲವು ವಾರ

ಸುಸ್ತು ಬರುತ್ತದೆ. ಮೆಟ್ಟಿಲು ಹತ್ತಿದರೆ ಕಾಲು ಭಾರ. ಡಿಸೆಂಬರ್ ಜನವರಿಯ ಬೆಂಗಳೂರು ಚಳಿಯಲ್ಲಿ ಕೈಕಾಲು ಬೆರಳು ತಣ್ಣಗಾಗುತ್ತವೆ. ಹಾಸಿಗೆಯಿಂದ ತಟ್ಟನೆ ಎದ್ದರೆ ತಲೆ ಸುತ್ತುತ್ತದೆ, ಅದಕ್ಕೆ ಎದ್ದು ಕೂತು ಒಂದು ನಿಮಿಷ ಬಿಟ್ಟು ನಿಲ್ಲಿ. ಇವು ತುಂಬಾ ಜನಕ್ಕೆ ಕೆಲವು ವಾರದಲ್ಲಿ ಕಮ್ಮಿಯಾಗುತ್ತವೆ. ರಾತ್ರಿ ಕೆಟ್ಟ ಕನಸು, ನಿದ್ದೆ ಹರಿಯುವುದು ಪ್ರೊಪ್ರಾನೊಲಾಲ್, ಮೆಟೊಪ್ರೊಲಾಲ್‌ನಲ್ಲಿ ಜಾಸ್ತಿ, ಯಾಕೆಂದರೆ ಅವು ಮಿದುಳಿಗೆ ಸುಲಭವಾಗಿ ಹೋಗುತ್ತವೆ. ಅಟೆನೊಲಾಲ್ ಅಷ್ಟು ಹೋಗುವುದಿಲ್ಲ, ಬದಲಿಸಬಹುದಾ ಅಂತ ಕೇಳಬಹುದು. ಆದರೆ ಅಟೆನೊಲಾಲ್ ಮೈಯಿಂದ ಹೊರಗೆ ಹೋಗುವುದು ಕಿಡ್ನಿ ಮೂಲಕ, ಕಿಡ್ನಿ ತೊಂದರೆ ಇದ್ದರೆ ಅದನ್ನೂ ಹೇಳಿ.

ಗಂಡಸರು ಬಾಯಿಬಿಟ್ಟು ಹೇಳದೆ ಮಾತ್ರೆ ಬಿಡುವ ಒಂದು ಕಾರಣ ಲೈಂಗಿಕ ತೊಂದರೆ. ಕೌಂಟರ್‌ನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಆದರೆ ಮಾತ್ರೆ ತಗೊಳ್ಳಲು ಬರುವುದು ನಿಂತುಹೋಗುತ್ತದೆ. ಡಾಕ್ಟರ್‌ಗೆ ಇದು ಹೊಸ ವಿಷಯವಲ್ಲ. ನೆಬಿವೊಲಾಲ್‌ನಲ್ಲಿ ಈ ತೊಂದರೆ ಕಮ್ಮಿ. ಕೆಲವೊಮ್ಮೆ ಕಾರಣ ಈ ಮಾತ್ರೆಯೇ ಆಗಿರುವುದಿಲ್ಲ, ಶುಗರ್ ಅಥವಾ ರಕ್ತನಾಳದ ತೊಂದರೆ ಆಗಿರುತ್ತದೆ. ಕೇಳಿದರೆ ದಾರಿ ಸಿಗುತ್ತದೆ, ಸುಮ್ಮನೆ ಬಿಟ್ಟರೆ ಹೃದಯಕ್ಕೆ ಪೆಟ್ಟು.

ಹೃದಯದ ಪಂಪಿಂಗ್ ಕಮ್ಮಿ ಇರುವವರ ಕಥೆ ಬೇರೆ. ಅವರಿಗೆ ಚಿಟಿಕೆಯಷ್ಟು ಡೋಸ್‌ನಿಂದ ಶುರು ಮಾಡುತ್ತಾರೆ, ಕಾರ್ವೆಡಿಲಾಲ್ 3.125 ಮಿಲಿಗ್ರಾಂ, ಬಿಸೊಪ್ರೊಲಾಲ್ 1.25 ಮಿಲಿಗ್ರಾಂ. ಎರಡು ವಾರ ಅಥವಾ ಇನ್ನೂ ನಿಧಾನಕ್ಕೆ ಒಂದೊಂದೇ ಹಂತ ಏರಿಸುತ್ತಾರೆ. ಮೊದಮೊದಲು ಇನ್ನೂ ಸುಸ್ತಾದ ಹಾಗೆ ಅನ್ನಿಸಬಹುದು, ಗುಣ ಕಾಣುವುದು ತಿಂಗಳುಗಳ ಮೇಲೆ. ಆ ತಾಳ್ಮೆಗೆ ಬೆಲೆ ಇದೆ: 1999ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ, ಒಂದು ಬಿಸೊಪ್ರೊಲಾಲ್, ಇನ್ನೊಂದು ಮೆಟೊಪ್ರೊಲಾಲ್, ಇಂಥವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಯಿತು. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಊಟದ ತೂಕ ಅಲ್ಲ, ನೀರು ತುಂಬುತ್ತಿದೆ. ಡಾಕ್ಟರ್‌ಗೆ ಹೇಳಿ.

ಕಾರ್ವೆಡಿಲಾಲ್ ಊಟದ ಜೊತೆಗೇ ತಗೊಳ್ಳಿ, ತಲೆಸುತ್ತು ಕಮ್ಮಿ. ಮೆಟೊಪ್ರೊಲಾಲ್ ಕೂಡ ಊಟದ ಜೊತೆ ಅಥವಾ ಆದ ತಕ್ಷಣ. ಹೆಸರಿನ ಮುಂದೆ ಎಕ್ಸ್‌ಎಲ್ ಅಂತ ಇದ್ದರೆ ಅದು ದಿನವಿಡೀ ನಿಧಾನವಾಗಿ ಬಿಡುವ ಮಾತ್ರೆ. ಮಧ್ಯೆ ಗೆರೆ ಇದ್ದರೆ ಎರಡು ಹೋಳು ಮಾಡಬಹುದು, ಆದರೆ ಅಜ್ಜನಿಗೆ ನುಂಗಲು ಕಷ್ಟ ಅಂತ ಕುಟ್ಟಿ ಪುಡಿ ಮಾಡಿ ಕೊಡಬೇಡಿ. ಇಡೀ ದಿನದ ಔಷಧಿ ಒಂದೇ ಸಲಕ್ಕೆ ಮೈಗೆ ಸೇರುತ್ತದೆ.

ಉಬ್ಬಸ, ಶುಗರ್, ಉಪವಾಸ

ಶ್ವಾಸನಾಳಗಳಲ್ಲೂ ಬೀಟಾ ಜಾಗಗಳು ಇವೆ. ಅವನ್ನು ಮುಚ್ಚಿದರೆ ಆಸ್ತಮಾ ಇರುವವರಿಗೆ ಉಸಿರು ಕಟ್ಟುತ್ತದೆ, ಸಾಲದ್ದಕ್ಕೆ ಇನ್‌ಹೇಲರ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಪ್ರೊಪ್ರಾನೊಲಾಲ್ ಅಂತೂ ಅವರಿಗೆ ಬೇಡವೇ ಬೇಡ. ಬೆಂಗಳೂರಿನ ಧೂಳು, ಪರಾಗಕ್ಕೆ ವರ್ಷಕ್ಕೊಮ್ಮೆ ಮಾತ್ರ ಉಬ್ಬಸ ಬರುವವರು ತಮಗೆ ಆಸ್ತಮಾ ಇದೆ ಅಂತ ಹೇಳುವುದೇ ಇಲ್ಲ. ಹೇಳಿ. ಚಿಕ್ಕವರಿದ್ದಾಗ ಇನ್‌ಹೇಲರ್ ಬಳಸಿದ್ದರೂ ಹೇಳಿ. ಕಣ್ಣಿನ ಒತ್ತಡಕ್ಕೆ, ಅಂದರೆ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಡ್ರಾಪ್ಸ್ ಕೂಡ ಬೀಟಾ ಬ್ಲಾಕರ್ರೇ, ಕಣ್ಣಿನಿಂದ ರಕ್ತಕ್ಕೆ ಇಳಿದು ಅದೂ ಉಬ್ಬಸ ತರಬಲ್ಲದು, ನಾಡಿ ಇಳಿಸಬಲ್ಲದು. ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ರಕ್ತಕ್ಕೆ ಹೋಗುವುದು ಕಮ್ಮಿಯಾಗುತ್ತದೆ.

ಶುಗರ್ ಇರುವವರಿಗೆ ಇನ್ನೊಂದು ತರಹದ ಅಪಾಯ. ಶುಗರ್ ತೀರಾ ಇಳಿದಾಗ ಮೈ ನಮಗೆ ಎಚ್ಚರಿಕೆ ಕೊಡುವುದು ಡವಡವ, ನಡುಕದಿಂದ. ಬೀಟಾ ಬ್ಲಾಕರ್ ಅವೆರಡನ್ನೂ ಮುಚ್ಚಿಹಾಕುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದಲ್ಲಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜೊತೆ ಈ ಮಾತ್ರೆಯೂ ಇದ್ದರೆ, ಗೊತ್ತೇ ಆಗದ ಹಾಗೆ ಶುಗರ್ ಕುಸಿಯಬಹುದು. ಫ್ಯಾನ್ ಕೆಳಗೆ ಕೂತಿದ್ದರೂ ತಣ್ಣನೆಯ ಬೆವರು, ಮಾತು ತೊದಲುವುದು, ಸುಮ್ನೆ ಸಿಡುಕುವುದು ಕಂಡರೆ ಮನೆಯವರು ಗ್ಲುಕೊಮೀಟರ್ ತೆಗೆಯಬೇಕು. 70ಕ್ಕಿಂತ ಕಮ್ಮಿ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, 108. ಉಪವಾಸ ಬೇಡ ಅಂತ ಹೇಳುವ ಹಕ್ಕು ನನಗಿಲ್ಲ. ಆದರೆ ಹಿಂದಿನ ವಾರವೇ ಡಾಕ್ಟರ್ ಹತ್ತಿರ ಕೇಳಿ ಶುಗರ್ ಮಾತ್ರೆಯ ಡೋಸ್ ಹೊಂದಿಸಿಕೊಂಡು ಕೂರಿ.

ಸ್ಟೇಜ್ ಭಯಕ್ಕೆ ಒಂದು ಮಾತ್ರೆ

ಇದು ಈ ಊರಿನಲ್ಲಿ ದಿನೇ ದಿನೇ ಜಾಸ್ತಿಯಾಗುತ್ತಿದೆ. ಪ್ರೆಸೆಂಟೇಶನ್ ಇರುವ ಟೆಕ್ ಹುಡುಗರು, ಇಂಟರ್‌ವ್ಯೂಗೆ ಹೋಗುವವರು, ರಂಗಪ್ರವೇಶಕ್ಕೆ ಮಗಳನ್ನು ತಯಾರು ಮಾಡುತ್ತಿರುವ ಅಮ್ಮಂದಿರು, ಎಲ್ಲರೂ ಚೀಟಿ ಇಲ್ಲದೆ ಬಂದು ಪ್ರೊಪ್ರಾನೊಲಾಲ್ ಕೇಳುತ್ತಾರೆ. ಫ್ರೆಂಡ್ ಹೇಳಿದ್ದಂತೆ. ನಾನು ಕೊಡುವುದಿಲ್ಲ, ಬೈಸಿಕೊಂಡಿದ್ದೂ ಇದೆ. ಮಾತ್ರೆ ಕೆಲಸ ಮಾಡುತ್ತದೆ, ಅದು ಸುಳ್ಳಲ್ಲ. ಸುಮಾರು ಒಂದು ಗಂಟೆ ಮುಂಚೆ ಸಣ್ಣ ಡೋಸ್ ತಗೊಂಡರೆ ಕೈ ನಡುಕ, ಧ್ವನಿ ನಡುಕ, ಡವಡವ ಇಳಿಯುತ್ತವೆ. ಮನಸ್ಸಿನ ಭಯ ಹಾಗೇ ಇರುತ್ತದೆ, ಮರೆತ ಪಾಠವೂ ನೆನಪಿಗೆ ಬರುವುದಿಲ್ಲ. ಆದರೆ ಆಸ್ತಮಾ ಇದೆಯಾ, ನಾಡಿ ಮೊದಲೇ ನಿಧಾನವಾ, ಬಿಪಿ ಕಮ್ಮಿಯಾ ಅಂತ ಯಾರೂ ನೋಡದೆ ಅದನ್ನು ನುಂಗಬಾರದು. ಡಾಕ್ಟರ್ ಕೊಟ್ಟರೂ ಮೊದಲ ಮಾತ್ರೆಯನ್ನು ಕಾರ್ಯಕ್ರಮದ ದಿನ ನುಂಗಬೇಡಿ, ಅವರನ್ನು ಕೇಳಿ ಬೇರೊಂದು ರಜಾ ದಿನ ತಗೊಂಡು ನೋಡಿ. ತಲೆಸುತ್ತು ಬಂದರೆ ಮನೆಯಲ್ಲೇ ಬರಲಿ. ದಿನಾ ಗಾಬರಿಯಾಗುವವರಿಗೆ ಇದು ಮದ್ದಲ್ಲ, ಅವರು ಮಾನಸಿಕ ಆರೋಗ್ಯದ ಡಾಕ್ಟರ್ ಹತ್ತಿರ ಮಾತಾಡಬೇಕು.

ಶೂಟಿಂಗ್, ಬಿಲ್ಲುಗಾರಿಕೆ ಕಲಿಯುವ ಮಕ್ಕಳ ಅಪ್ಪ ಅಮ್ಮ ಗಮನಿಸಿ: ಆ ಆಟಗಳಲ್ಲಿ ಬೀಟಾ ಬ್ಲಾಕರ್ ನಿಷೇಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್ ಸು ಪ್ರೊಪ್ರಾನೊಲಾಲ್ ಸಿಕ್ಕಿದ್ದಕ್ಕೆ ಒಂದು ಬೆಳ್ಳಿ, ಒಂದು ಕಂಚು ಕಳೆದುಕೊಂಡರು.

ಬೇರೆ ಔಷಧಿಗಳ ಜೊತೆ

ವೆರಪಮಿಲ್, ಡಿಲ್ಟಿಯಾಜೆಮ್ ಇವೆರಡು ಬಿಪಿ, ಹೃದಯದ ಮಾತ್ರೆಗಳು. ಬೀಟಾ ಬ್ಲಾಕರ್ ಜೊತೆ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಾಗಾಗಿ ಹೊಸ ಡಾಕ್ಟರ್ ಹತ್ತಿರ ಹೋದಾಗ ಹಳೆಯ ಚೀಟಿ ಎಲ್ಲಾ ತಗೊಂಡು ಹೋಗಿ. ಮಂಡಿ ನೋವಿಗೆ ಅಂತ ದಿನಾ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಬಿಪಿ ಏರುತ್ತದೆ, ನೀವು ಬಿಪಿ ಮಾತ್ರೆಯನ್ನು ಬೈಯುತ್ತೀರಿ. ಮೂಗು ಕಟ್ಟಿದಾಗ ತಗೊಳ್ಳುವ ನೆಗಡಿ ಮಾತ್ರೆಗಳಲ್ಲೂ ಬಿಪಿ ಏರಿಸುವ ಫಿನೈಲೆಫ್ರಿನ್ ಇರುತ್ತದೆ, ಕೇಳಿ ತಗೊಳ್ಳಿ. ಹಲ್ಲು ಕೀಳಿಸುವಾಗ, ಆಪರೇಷನ್‌ಗೆ ಮುಂಚೆ ಬೀಟಾ ಬ್ಲಾಕರ್ ತಗೊಳ್ಳುತ್ತೇನೆ ಅಂತ ಹೇಳಿ, ಖಾಲಿ ಹೊಟ್ಟೆ ಅಂತ ನೀವಾಗಿಯೇ ಬಿಡಬೇಡಿ. ಮಾತ್ರೆ ಡಬ್ಬಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಪ್ರೊಪ್ರಾನೊಲಾಲ್ ಜಾಸ್ತಿ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ, ಬಹಳ ಬೇಗ ಕೈಮೀರುತ್ತದೆ. ಮಗು ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ಖಾಲಿ ಸ್ಟ್ರಿಪ್ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಿ.

ಹಾರ್ಟ್ ಅಟ್ಯಾಕ್ ಆಗಿ ವರ್ಷಗಳೇ ಕಳೆದಿದ್ದರೆ ಮುಂದಿನ ಚೆಕಪ್‌ನಲ್ಲಿ ಒಂದು ಪ್ರಶ್ನೆ ಕೇಳಿ: ನನಗೆ ಇದು ಈಗಲೂ ಬೇಕಾ? ಪಂಪಿಂಗ್ ಚೆನ್ನಾಗಿರುವವರಿಗೆ ಈ ಮಾತ್ರೆ ಜೀವನಪೂರ್ತಿ ಬೇಕೇ ಅನ್ನುವ ಚರ್ಚೆ ಡಾಕ್ಟರ್‌ಗಳಲ್ಲೇ ನಡೆಯುತ್ತಿದೆ. 2024ರಲ್ಲಿ ಬಂದ, ಮುಖ್ಯವಾಗಿ ಸ್ವೀಡನ್‌ನಲ್ಲಿ ನಡೆದ, ಸುಮಾರು 5,000 ಜನರ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್ ಆಗಿಯೂ ಪಂಪಿಂಗ್ 50% ಅಥವಾ ಅದಕ್ಕಿಂತ ಮೇಲೆ ಉಳಿದವರಿಗೆ ಬೀಟಾ ಬ್ಲಾಕರ್‌ನಿಂದ ಸಾವಾಗಲಿ, ಮತ್ತೊಂದು ಅಟ್ಯಾಕ್ ಆಗಲಿ ಕಮ್ಮಿಯಾಗಲಿಲ್ಲ. ಅದೇ ವರ್ಷ ಫ್ರಾನ್ಸ್‌ನ ಇನ್ನೊಂದು ಅಧ್ಯಯನದಲ್ಲಿ, ವರ್ಷಗಳಿಂದ ತಗೊಳ್ಳುತ್ತಿದ್ದು ನಿಲ್ಲಿಸಿದವರು ಹೃದಯದ ತೊಂದರೆಗೆ ಆಸ್ಪತ್ರೆ ಸೇರುವುದು ಜಾಸ್ತಿಯಾಗಿತ್ತು. ಹಾಗಾಗಿ ಉತ್ತರ ಒಬ್ಬೊಬ್ಬರಿಗೆ ಒಂದೊಂದು, ಅದನ್ನು ನಿಮ್ಮ ರಿಪೋರ್ಟ್ ನೋಡಿ ಹೇಳಬೇಕಾದವರು ಡಾಕ್ಟರ್. ಎಕೋ ರಿಪೋರ್ಟ್‌ನಲ್ಲಿ ಇಎಫ್ ಅಂತ ಒಂದು ಸಂಖ್ಯೆ ಇರುತ್ತದೆ, ಪಂಪಿಂಗ್ ಅಂದರೆ ಅದೇ. ಆ ರಿಪೋರ್ಟ್, ಎರಡು ವಾರದ ನಾಡಿ ಮತ್ತು ಬಿಪಿ ಬರೆದ ಹಾಳೆ, ಈಗ ತಗೊಳ್ಳುತ್ತಿರುವ ಎಲ್ಲಾ ಮಾತ್ರೆಗಳ ಸ್ಟ್ರಿಪ್, ಮೂರನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ.